ಹಿಂದಿನ ಬಾಜೂನೂ ತಗಿ

ಸಿನಿಮಾ ಫೋಟೋಗಳೆಲ್ಲ ಒಂದು ಕಡೆ, ನಾಟಕದ ಕಾಗದಗಳೆಲ್ಲ ಇನ್ನೊಂದು ಕಡೆ. ಹೀಗೆ ಎರಡು ಪಾಲು ಮಾಡಿ ಸ್ಕ್ಯಾನ್ ಮಾಡಿಕೊಡಿ ಅಂತ, ನಮ್ಮೂರಲ್ಲಿದ್ದ ಹಳೇ ನಟಿ 'ಅಮ್ಮ'ನ ತಂಗಿಯ ಮಗ ಅವರ ಟ್ರಂಕು ತಂದು ನಮ್ಮ ಅಂಗಡಿಯ ಬೆಂಚಿನ ಮೇಲೆ ಇಟ್ಟರು. ಫೋಟೋಗಳಿಗೆ ಬೆಂಗಳೂರಿನಲ್ಲಿ ಯಾರೋ ಗಿರಾಕಿ ಇದ್ದಾರಂತೆ. ಉಳಿದದ್ದನ್ನು ಯಾವುದಾದರೂ ಲೈಬ್ರರಿಗೆ ಕೊಡೋಣ, ಅವರು ಬೇಡ ಅಂದರೆ ಗುಜರಿಗೆ ಅಂದರು. ನಾನು ಕೊಡಗಿನ ಸುಂಟಿಕೊಪ್ಪದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ಹೇಳಿದ್ದನ್ನು ಮಾಡಿಕೊಟ್ಟು ದುಡ್ಡು ಎಣಿಸಿಕೊಳ್ಳುವುದು ನನ್ನ ಕೆಲಸ. ಆದರೆ ಪಾಲು ಮಾಡುವುದು ಮಾತ್ರ ನನ್ನಿಂದ ಆಗಲ್ಲ ಅಂದೆ. ಯಾಕೆ ಅಂತ ಅವರಿಗೆ ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮ ಅಂದರೆ ನನ್ನ ತಾಯಿ ಅಲ್ಲ. ಊರಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಹೆಸರು ಹಾಕಬೇಡಿ ಅಂತ ಮನೆಯವರು ಹೇಳಿದ್ದಾರೆ, ಹಾಕಲ್ಲ. ಉತ್ತರ ಕರ್ನಾಟಕದವರು, ಕಂಪನಿ ನಾಟಕದಲ್ಲೇ ಬೆಳೆದವರು. ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರನ್ನು ಮದುವೆಯಾಗಿ ಕೊಡಗಿಗೆ ಬಂದರು. ಬಂದ ಮೇಲೂ ಬಣ್ಣ ಹಚ್ಚುವುದು ಬಿಡಲಿಲ್ಲ. ಮಳೆಗಾಲ ಮುಗಿದ ಕೂಡಲೇ ಕಂಪನಿ ಊರೂರಲ್ಲಿ ಹಾಕುವ ಕ್ಯಾಂಪಿಗೆ ಹೊರಡುವುದು, ಮಳೆ ಹಿಡಿಯುವ ಹೊತ್ತಿಗೆ ವಾಪಸ್. ಮಧ್ಯೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲೋ ಮದ್ರಾಸಿನಲ್ಲೋ ಶೂಟಿಂಗ್. ಹೀರೋನ ತಾಯಿ, ಘಟವಾಣಿ ಅತ್ತೆ, ಪಕ್ಕದ ಮನೆಯ ಬಾಯಿಬಡುಕಿ, ಇಂಥ ಪಾತ್ರಗಳು. ಹಳೇ ಪಿಕ್ಚರ್ ನೋಡುವವರಾದರೆ ನೀವು ಅವರ ಮುಖ ನೋಡಿರುತ್ತೀರಿ, ಹೆಸರು ಗೊತ್ತಿರಲ್ಲ.

ನನಗೆ ಪರಿಚಯ ಆಗಿದ್ದು ಮಾಸಾಶನದ ಅರ್ಜಿಯಿಂದ. ಕಷ್ಟದಲ್ಲಿರುವ ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಿಂಗಳು ತಿಂಗಳು ಹಣ ಕೊಡುತ್ತದೆ. ಆದರೆ ನೀವು ಕಲಾವಿದರು ಅನ್ನುವುದಕ್ಕೆ ದಾಖಲೆ ಬೇಕು. ಅಭಿನಯಿಸಿ ತೋರಿಸಿದರೆ ನಡೆಯಲ್ಲ! ಅಮ್ಮ ಒಂದು ಕಟ್ಟು ಹ್ಯಾಂಡ್‌ಬಿಲ್ ಹಿಡಿದುಕೊಂಡು ಬಂದಿದ್ದರು. ಗುಲಾಬಿ, ಹಳದಿ, ಹಸಿರು, ಎಲ್ಲ ಗಾಳಿಪಟದ ಕಾಗದದಷ್ಟು ತೆಳ್ಳಗೆ. ಮುಖಪುಟದ ಕಾಪಿ ತೆಗೆದು ಕೊಟ್ಟೆ. ಕೌಂಟರ್ ಮೇಲೆ ಮೊಣಕೈ ಊರಿ ನಿಂತಿದ್ದವರು ಅಂದರು, "ಏ ತಮ್ಮಾ, ಹಿಂದಿನ ಬಾಜೂನೂ ತಗಿ."

"ಹಿಂದೆ ಪ್ರಿಂಟ್ ಏನೂ ಇಲ್ವಲ್ಲಮ್ಮ?"

"ಪ್ರಿಂಟ್ ಕಂಪನೀದು. ಹಿಂದಿಂದು ನಂದೈತಿ."

ಈಗ ಟ್ರಂಕು ಪೂರ್ತಿ ನೋಡುವಾಗ ಆ ಮಾತು ಸರಿಯಾಗಿ ಅರ್ಥವಾಯಿತು. ಒಂದು ಗುಲಾಬಿ ಹ್ಯಾಂಡ್‌ಬಿಲ್ ಇದೆ, ಬಲಗಡೆ ಮೂಲೆ ಹುಳ ತಿಂದಿದೆ. ಮುಂದೆ ನಾಟಕದ ಹೆಸರು, ರಾತ್ರಿ 9.30, ಕುರ್ಚಿ, ಬೆಂಚು, ನೆಲದ ರೇಟು, ಹೆಂಗಸರಿಗೆ ಪ್ರತ್ಯೇಕ ಜಾಗ. ಹಿಂದೆ ಪೆನ್ಸಿಲ್‌ನಲ್ಲಿ ಅಮ್ಮನ ಲೆಕ್ಕ: "ಮದ್ರಾಸ್ 4 ದಿನ. ಸೀರೆ ನಮ್ಮದೇ. ಅಡ್ವಾನ್ಸ್ 100. ಪೇಟಿ ಮಾಸ್ತರಿಗೆ 5. ಅಗಸರವಳಿಗೆ 1. ಅವ್ವಗ ಮನಿಯಾರ್ಡರ್ 60." ಪೇಟಿ ಅಂದರೆ ಹಾರ್ಮೋನಿಯಂ. ಅದರ ಕೆಳಗೆ ಒಂದು ಹಾಡಿನ ಎರಡು ಸಾಲು, ಪಕ್ಕದಲ್ಲಿ ಭೀಮಪಲಾಸ್ ಅಂತ ರಾಗದ ಹೆಸರು. ಕೊನೆಗೆ, ಅಡಿಗೆರೆ ಎಳೆದು, "ಬುಧವಾರ ನನ್ನ ಪಾತ್ರ ಯಾರಿಗೆ?"

ಇವರು ಶೂಟಿಂಗಿಗೆ ಹೋದರೆ ಕಂಪನಿಯಲ್ಲಿ ಇವರ ಪಾತ್ರ ಇನ್ನೊಬ್ಬಳಿಗೆ. ವಾಪಸ್ ಬರುವಷ್ಟರಲ್ಲಿ ಆಕೆಗೇ ಚಪ್ಪಾಳೆ ಜಾಸ್ತಿ ಬಂದಿದ್ದರೆ? ಆ ಒಂದು ಪ್ರಶ್ನೆಯಲ್ಲಿ ಎಷ್ಟು ಭಯ ಇದೆ ನೋಡಿ. ಈಗ ಹೇಳಿ, ಈ ಕಾಗದ ಸಿನಿಮಾ ಪಾಲಿಗೋ, ನಾಟಕದ ಪಾಲಿಗೋ?

ದೊಡ್ಡ ದೊಡ್ಡವರ ಕಾಗದಗಳನ್ನೇ ಹೀಗೆ ಪಾಲು ಮಾಡಿದ್ದಾರೆ, ಅದೂ ಗೊತ್ತು. ಹಾಲಿವುಡ್‌ನ ನಟಿ ಕ್ಯಾಥರಿನ್ ಹೆಪ್‌ಬರ್ನ್ 2003ರಲ್ಲಿ ತೀರಿಕೊಂಡರು. ಅವರ ನಾಟಕದ ಕಾಗದಗಳು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಹೋದವು, ಸಿನಿಮಾದವು ಆಸ್ಕರ್ ಕೊಡುವ ಅಕಾಡೆಮಿಯ ಲೈಬ್ರರಿಗೆ. ಒಂದು ದೇಶದ ಈ ತುದಿ, ಇನ್ನೊಂದು ಆ ತುದಿ. ನಮ್ಮ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ನಟಿ ವಿವಿಯನ್ ಲೀ ಅವರದು ಪರವಾಗಿಲ್ಲ, ಪತ್ರ, ಡೈರಿ, ಸ್ಕ್ರಿಪ್ಟ್ ಎಲ್ಲ 2013ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿದವು. ಗಂಡನಾಗಿದ್ದ ನಟ ಒಲಿವಿಯರ್ ಕಾಗದಗಳು ಮಾತ್ರ ಅದೇ ಊರಿನ ಬ್ರಿಟಿಷ್ ಲೈಬ್ರರಿಯಲ್ಲಿ. ನಮ್ಮಲ್ಲೂ ಅಷ್ಟೇ. ಸಿನಿಮಾದ್ದು ಅಂದರೆ ಪುಣೆಯ ಫಿಲ್ಮ್ ಆರ್ಕೈವ್, 1964ರಿಂದ ಇದೆ. ರಂಗಭೂಮಿ ಅಂದರೆ ಕೋಲ್ಕತ್ತಾದ ನಾಟ್ಯ ಶೋಧ ಸಂಸ್ಥಾನ, 1981ರಿಂದ. ಎರಡೂ ಒಳ್ಳೆಯ ಸಂಸ್ಥೆಗಳೇ. ಆದರೆ ನಮ್ಮ ಕಲಾವಿದರು ಹೀಗೆ ಎರಡು ತುಂಡಾಗಿ ಬದುಕಿದವರಾ?

1934ರಲ್ಲಿ ಬಂದ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ದಲ್ಲಿ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇದ್ದರಲ್ಲ, ಅವರು ನಾಟಕದಿಂದ ಹೋದವರೇ. ಕೊಡಗಿನವರಿಗೆ ಕಲ್ಪನಾ ಅಂದರೆ 1971ರ 'ಶರಪಂಜರ'. ಕಾವೇರಿಯ ಹಾಡು ಇವತ್ತಿಗೂ ಇಲ್ಲಿ ಎಲ್ಲರ ಬಾಯಲ್ಲಿದೆ. ಅಷ್ಟು ದೊಡ್ಡ ಸ್ಟಾರ್ 1979ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಹೋಗುವುದು ಬರುವುದು ಎರಡೂ ಇತ್ತು.

ಅಮ್ಮನ ಪಾರ್ಟಿನ ನೋಟ್‌ಬುಕ್‌ಗಳಲ್ಲೂ ಇದೇ ಕಾಣುತ್ತೆ. ಕಂಪನಿಯಲ್ಲಿ ಇಡೀ ನಾಟಕ ಬರೆದುಕೊಡುತ್ತಿರಲಿಲ್ಲ. ನಿಮ್ಮ ಮಾತು ಪೂರ್ತಿ, ಎದುರಿನವರ ಮಾತಿನ ಕೊನೆಯ ಎರಡು ಮೂರು ಪದ. ಅದು ಕಿವಿಗೆ ಬಿದ್ದ ಕೂಡಲೇ ನೀವು ಶುರು ಮಾಡಬೇಕು. ಓದಿದರೆ ಅರ್ಧ ಜಗಳ ಮಾತ್ರ ಕೇಳಿಸುತ್ತದೆ, ಗಂಡ ಏನು ಬೈದ ಅಂತ ಗೊತ್ತಾಗಲ್ಲ. ಮಜಾ ಏನೆಂದರೆ, ಸಿನಿಮಾದ ಡೈಲಾಗನ್ನೂ ಅವರು ಅದೇ ನೋಟ್‌ಬುಕ್ಕಿನಲ್ಲಿ, ಅದೇ ಥರ ಬರೆದುಕೊಂಡಿದ್ದಾರೆ. ಒಂದೊಂದು ಕಡೆ "ಮೆಲ್ಲಕ ಅನ್ನು, ಮೈಕ್ ಐತಿ" ಅಂತ ತಮಗೆ ತಾವೇ ಹೇಳಿಕೊಂಡಿದ್ದಾರೆ.

ಇನ್ನು ಪತ್ರಗಳು. ಅಕ್ಕಪಕ್ಕದವರಿಗೆಲ್ಲ ಇದರ ಮೇಲೇ ಕಣ್ಣು. ನಟಿಯ ಟ್ರಂಕು ಅಲ್ವಾ, ಪ್ರೇಮಪತ್ರ ಇರಲೇಬೇಕು! ಇವೆ. ರೈಟರ್ ಸಾಹೇಬರು ತೋಟದಿಂದ ಕ್ಯಾಂಪಿಗೆ ಬರೆದವು. ಲಕೋಟೆಯ ಮೇಲೆ ಒಂದು ಊರು ಹೊಡೆದುಹಾಕಿ ಇನ್ನೊಂದು, ಅದನ್ನೂ ಹೊಡೆದುಹಾಕಿ ಮತ್ತೊಂದು. ಕಂಪನಿ ಮುಂದೆ ಮುಂದೆ, ಪತ್ರ ಹಿಂದೆ ಹಿಂದೆ. ಒಳಗೆ ಏನಿದೆ ಅಂದರೆ, "ಹೂಮಳೆ 1 ಇಂಚು 10 ಸೆಂಟ್ ಆಯಿತು. ಮೇಲಿನ ತೋಟಕ್ಕೆ ಸಾಲದು. ಗಂಟಲು ಹೇಗಿದೆ? ಮೆಣಸಿನ ಕಷಾಯ ಕುಡಿ." ಮುಂದಿನದರಲ್ಲೂ ಮೊದಲು ಮಳೆ ಲೆಕ್ಕ, ಆಮೇಲೆ ಗಂಟಲು. ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ, ಸೆಂಟ್ ಅಂದರೆ ಇಂಚಿನ ನೂರನೇ ಪಾಲು. ತೋಟದವರಿಗೆ ಮಾತ್ರ ಇದರ ರುಚಿ ಗೊತ್ತು.

ಟ್ರಂಕು ಇಷ್ಟು ವರ್ಷ ಉಳಿದದ್ದು ಒಲೆಯ ಮೇಲಿನ ಅಟ್ಟದಲ್ಲಿ ಇದ್ದದ್ದರಿಂದ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ ನಮ್ಮ ಕಡೆ ಚಪ್ಪಲಿ, ಬೆಲ್ಟು, ಗೋಡೆ ಎಲ್ಲಕ್ಕೂ ಬೂಷ್ಟು. ಕೆಳಗೆ ದಿನಾ ಬೆಂಕಿ ಇದ್ದರೆ ಅಟ್ಟ ಬೆಚ್ಚಗಿರುತ್ತೆ, ಹೊಗೆಗೆ ಹುಳವೂ ಕಮ್ಮಿ. ಗ್ಯಾಸ್ ಬಂತು, ಒಲೆ ಆರಿತು. ತಳದ ಕಾಗದಗಳಿಗೆ ಬೂಷ್ಟು ಹಿಡಿದದ್ದು ಆಮೇಲೆಯೇ ಅಂತ ಕಾಣುತ್ತೆ.

ಬಿಸಿಲಿಗೆ ಹರವಿ ಅಂದರು ಒಬ್ಬರು. ಬೇಡ. ಆ ಗುಲಾಬಿ ಬಣ್ಣ ಬಿಸಿಲಿಗೆ ನಿಲ್ಲಲ್ಲ, ಕಾಗದವೂ ಪೆಡಸಾಗುತ್ತೆ. ಜಗಲಿಯ ನೆರಳಲ್ಲಿ ಗಾಳಿಗೆ ಬಿಡಿಸಿಟ್ಟು, ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಬೂಷ್ಟು ತೆಗೆದೆವು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ತುಕ್ಕು ಹಿಡಿದ ಪಿನ್ನು ಬಿಚ್ಚಿದೆವು. ಪೇಪರ್ ಕಟಿಂಗ್‌ಗಳನ್ನು ಬೇರೆ ಲಕೋಟೆಗೆ ಹಾಕಿದೆವು. ಪತ್ರಿಕೆಯ ಕಾಗದದಲ್ಲಿ ಆಮ್ಲ ಜಾಸ್ತಿ, ಪಕ್ಕದ ಹಾಳೆಯನ್ನೂ ಹಳದಿ ಮಾಡುತ್ತೆ. ಎಲ್ಲಿಂದ ತೆಗೆದೆವು ಅಂತ ಅಲ್ಲೊಂದು ಚೀಟಿ ಇಟ್ಟಿದ್ದೇವೆ. ಒಂದಕ್ಕೊಂದು ಅಂಟಿಕೊಂಡ ಫೋಟೋಗಳನ್ನು ಬಿಡಿಸಲು ಹೋಗಲಿಲ್ಲ, ಅದು ಬಲ್ಲವರ ಕೆಲಸ. ಲ್ಯಾಮಿನೇಷನ್ ಮಾಡಿಬಿಡಿ ಅಂತ ಅಮ್ಮನ ತಂಗಿಯ ಮಗನೂ ಕೇಳಿದರು. ಲ್ಯಾಮಿನೇಷನ್‌ನಿಂದಲೇ ಅನ್ನ ತಿನ್ನುವವನು ನಾನು, ಆದರೂ ಹೇಳ್ತೀನಿ, ಹಳೇ ಕಾಗದಕ್ಕೆ ಅದನ್ನು ಮಾಡಿಸಬೇಡಿ. ಬಿಸಿಗೆ ಅಂಟು ಕರಗಿ ಒಳಗಿಳಿಯುತ್ತೆ, ಮತ್ತೆ ಬಿಡಿಸೋಕೆ ಬರಲ್ಲ. ಸೆಲ್ಲೋ ಟೇಪೂ ಬೇಡ.

ಸದ್ಯಕ್ಕೆ ಅವರು ಒಪ್ಪಿದ್ದು ಇಷ್ಟು. ಪಾಲು ಇಲ್ಲ. ಟ್ರಂಕಿನಲ್ಲಿ ಯಾವುದರ ಕೆಳಗೆ ಯಾವುದಿತ್ತೋ ಅದೇ ಕ್ರಮದಲ್ಲಿ ನಂಬರ್ ಹಾಕಿ ಸ್ಕ್ಯಾನ್, ಫೋಟೋ ಸೇರಿ ಎಲ್ಲದರ ಎರಡೂ ಬದಿ. ಬೆಂಗಳೂರಿನ ಗಿರಾಕಿಗೆ ಇನ್ನೂ ಬೇಡ ಅಂದಿಲ್ಲ, ಆಮೇಲೆ ನೋಡೋಣ ಅಂದಿದ್ದಾರಂತೆ. ಡಬಲ್ ಸೈಡ್‌ಗೆ ಡಬಲ್ ರೇಟಾ ಅಂತಲೂ ಕೇಳಿದರು. ಇಲ್ಲ ಅಂದೆ.

ಕಂಪನಿಯಲ್ಲಿ ದುಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸಹಾಯ ಬೇಕು. ಲೆಕ್ಕದಲ್ಲಿ "ಬೆ.ನಾ." ಅಂದರೆ ಬೆನಿಫಿಟ್ ನಾಟಕ, ಒಬ್ಬರ ಸಹಾಯಕ್ಕೆ ಅಂತ ಆಡುವ ಆಟ, ಅದು ಗೊತ್ತಾಯಿತು. ಆದರೆ ಕೆಲವು ಮೊತ್ತಗಳ ಸುತ್ತ ಒಂದು ಸೊನ್ನೆ ಸುತ್ತಿ ಪಕ್ಕದಲ್ಲಿ "ರಾ" ಅಂತ ಬರೆದಿದ್ದಾರೆ. ರಾತ್ರಿಯ ಖರ್ಚೋ, ರಾಜಿಯಾದ ಬಾಕಿಯೋ, ಯಾರದೋ ಹೆಸರೋ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ. ಅಂಗಡಿಗೇ ಬಂದರೆ ಇನ್ನೂ ಒಳ್ಳೇದು, ಹಾಳೆ ತೋರಿಸ್ತೀನಿ.