ರಂಗಸ್ಥಳದ ಹಿಂದೆ ಬೀಡಿ ಸೇದಿದವರು ಯಾರು?

ಕುಂದಾಪುರದ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಮಾಡುತ್ತೇನೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳವರೆಗೆ ಹರಕೆ ಆಟದ (ಹರಕೆ ಹೊತ್ತವರು ಆಡಿಸುವ ಯಕ್ಷಗಾನದ) ವಿಡಿಯೊ ಕೆಲಸವೂ ಸಿಗುತ್ತದೆ. ಆ ಸಲ ಸೀಸನ್ ಶುರುವಾಗುವ ಮೊದಲು ಸಾಲ ಮಾಡಿ ಹೊಸ ಕ್ಯಾಮೆರಾ ತಗೊಂಡಿದ್ದೆ. 24 ಮೆಗಾಪಿಕ್ಸೆಲ್, 4ಕೆ ವಿಡಿಯೊ. ಕಂಪನಿ ಹೆಸರು ಬೇಡ. ಈ ಕಾಯಿಲೆ ಯಾವ ಕಂಪನಿಯ ಕ್ಯಾಮೆರಾಕ್ಕೂ ಬರಬಹುದು.

ಎರಡು ಮದುವೆ ಚೆನ್ನಾಗಿ ಮುಗಿಯಿತು. ಮೂರನೇ ಕೆಲಸ ಒಂದು ಹರಕೆ ಆಟ. ರಂಗಸ್ಥಳದ ಎದುರು ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ರಾತ್ರಿಯಿಡೀ ರೆಕಾರ್ಡ್ ಮಾಡಿದೆ. ವಾರ ಬಿಟ್ಟು ಪೆನ್‌ಡ್ರೈವ್ ಕೊಟ್ಟು ಬಂದೆ. ಮರುದಿನ ಆ ಮನೆಯ ಯಜಮಾನರ ಫೋನ್.

"ಮಾರಾಯ್ರೆ, ಆಟ ಲಾಯ್ಕ್ ಬಂದಿದೆ. ಆದ್ರೆ ಭಾಗವತರ ಹಿಂದೆ ಕತ್ತಲಲ್ಲಿ ಯಾರೋ ಬೀಡಿ ಸೇದ್ತಾ ನಿಂತಿದ್ದಾರಲ್ಲ, ಯಾರದು? ಬೆಳಿಗ್ಗೆ ಮಂಗಳ ಹಾಡುವವರೆಗೂ ಆರಲಿಲ್ಲ ಆ ಬೀಡಿ!"

ನಗು ಬಂತು. ಅವರ ಮನೆಗೆ ಹೋಗಿ 55 ಇಂಚಿನ ಟಿವಿಯಲ್ಲಿ ನೋಡಿದ ಮೇಲೆ ನಗು ನಿಂತಿತು. ಹಿಂದಿನ ಕಪ್ಪು ಪರದೆಯ ಮೇಲೆ, ಎಡಗಡೆ, ಒಂದು ಕೆಂಪು ಚುಕ್ಕಿ. ಒಡ್ಡೋಲಗಕ್ಕೂ ಅಲ್ಲೇ, ಯುದ್ಧಕ್ಕೂ ಅಲ್ಲೇ. ನಾನು ಕ್ಯಾಮೆರಾವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದ ಕಡೆ ಬೀಡಿಯವನೂ ನನ್ನ ಜೊತೆ ಬಲಕ್ಕೆ ಬಂದಿದ್ದ. ಅಲ್ಲಿಗೆ ಗೊತ್ತಾಯಿತು, ಇದು ರಂಗಸ್ಥಳದ್ದಲ್ಲ, ಕ್ಯಾಮೆರಾದ್ದು.

ಎಡಿಟಿಂಗ್ ಮಾಡುವಾಗ ಯಾಕೆ ಕಾಣಲಿಲ್ಲ? ಲ್ಯಾಪ್‌ಟಾಪ್ ಎಳೆಯಲಿ ಅಂತ ಪ್ರಿವ್ಯೂವನ್ನು ಕಾಲು ಭಾಗಕ್ಕೆ ಇಳಿಸಿಕೊಂಡು ಕೆಲಸ ಮಾಡಿದ್ದೆ. ಅಷ್ಟು ಸಣ್ಣ ಚುಕ್ಕಿ ಅದರಲ್ಲಿ ಉಳಿಯುವುದಿಲ್ಲ. ಇದು ಪೂರ್ತಿ ನನ್ನ ತಪ್ಪು.

ನಾವು ಸ್ಟುಡಿಯೊದವರು ಇಂಥ ಚುಕ್ಕಿಗಳಿಗೆಲ್ಲ 'ಡೆಡ್ ಪಿಕ್ಸೆಲ್' ಅಂತಲೇ ಹೇಳುತ್ತೇವೆ. ನಿಜಕ್ಕೆ ಅವು ಬೇರೆ ಬೇರೆ. ಸತ್ತ ಪಿಕ್ಸೆಲ್ ಯಾವಾಗಲೂ ಕಪ್ಪು. ಸ್ಟಕ್ ಪಿಕ್ಸೆಲ್ ಯಾವ ಸೆಟ್ಟಿಂಗ್‌ನಲ್ಲೂ ಒಂದೇ ಬಣ್ಣದಲ್ಲಿ ಉರಿಯುತ್ತಿರುತ್ತದೆ. ಹಾಟ್ ಪಿಕ್ಸೆಲ್ ಮಾತ್ರ ಕಳ್ಳ. ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) ಬಿಸಿಯಾದಾಗ, ಕತ್ತಲೆಗೆ ಅಂತ ಐಎಸ್ಒ (ಬೆಳಕಿನ ಸೂಕ್ಷ್ಮತೆ) ಏರಿಸಿದಾಗ, ಶಟರ್ ಜಾಸ್ತಿ ಹೊತ್ತು ತೆರೆದಿಟ್ಟಾಗ ಹೊರಗೆ ಬರುತ್ತದೆ. ತಣ್ಣಗಿದ್ದಾಗ ಸಾಚಾ ಥರ ಕೂತಿರುತ್ತದೆ.

ನನ್ನದು ಈ ಮೂರನೆಯದು. ಸೆನ್ಸರ್‌ನಲ್ಲಿರುವ ಎರಡು ಕೋಟಿ ನಲವತ್ತು ಲಕ್ಷ ಪಿಕ್ಸೆಲ್‌ಗಳಲ್ಲಿ ಪ್ರತಿಯೊಂದರ ಮೇಲೂ ಕೆಂಪು, ಹಸಿರು ಅಥವಾ ನೀಲಿ ಫಿಲ್ಟರ್ ಇರುತ್ತದೆ. ಬೆಳಕೇ ಬೀಳದಿದ್ದರೂ ಪಿಕ್ಸೆಲ್‌ನಲ್ಲಿ ಒಂದಿಷ್ಟು ಕರೆಂಟ್ ಸೋರುತ್ತದೆ. ಕೆಲವದರಲ್ಲಿ ಆ ಸೋರಿಕೆ ಜಾಸ್ತಿ. ಕ್ಯಾಮೆರಾ ಅದನ್ನೇ ಬೆಳಕು ಅಂದುಕೊಳ್ಳುತ್ತದೆ. ಮೇಲಿರುವುದು ಕೆಂಪು ಫಿಲ್ಟರ್ ಆದರೆ ಕೆಂಪು ಚುಕ್ಕಿ ಕಾಣುತ್ತದೆ. ಶಾಖ ಸುಮಾರು ಆರೆಂಟು ಡಿಗ್ರಿ ಏರಿದರೆ ಸಾಕು, ಈ ಸೋರಿಕೆ ಎರಡು ಪಟ್ಟಾಗುತ್ತದೆ. ನಮ್ಮ ಕರಾವಳಿಯ ಸೆಕೆ, ಅದರ ಮೇಲೆ ಗಂಟೆಗಟ್ಟಲೆ ನಿಲ್ಲದ ರೆಕಾರ್ಡಿಂಗ್. ಹೇಳಬೇಕಾ?

ಅಂಗಡಿಯಲ್ಲಿ ನಾನು ನೋಡಲಿಲ್ಲ ಅಂತಲ್ಲ. ಏಸಿ ಹಾಕಿದ ಕೋಣೆಯಲ್ಲಿ ನಿಂತು ಐಎಸ್ಒ 100ರಲ್ಲಿ ಬಿಳಿ ಗೋಡೆಯದೊಂದು, ಕೌಂಟರಿನದೊಂದು ಫೋಟೊ ಹೊಡೆದು, ಪರದೆ ಮೇಲೆ ದೊಡ್ಡ ಮಾಡಿ ನೋಡಿ 'ಸರಿ ಇದೆ ಅಣ್ಣ' ಅಂದಿದ್ದೆ. ಮದುವೆ ಫೋಟೊದಲ್ಲೂ ಏನೂ ಕಾಣಿಸಿರಲಿಲ್ಲ. ಅದಕ್ಕೆ ಕಾರಣ ಆಮೇಲೆ ಹೊಳೆಯಿತು. ನಾನು ಹೊಡೆಯುವುದು ರಾ ಫೈಲ್ (ಸೆನ್ಸರ್ ಕೊಟ್ಟದ್ದು ಹಾಗೆಯೇ), ತೆರೆಯುವುದು ಲೈಟ್‌ರೂಮ್‌ನಲ್ಲಿ. ಆ ಸಾಫ್ಟ್‌ವೇರ್ ಇಂಥ ಒಂಟಿ ಚುಕ್ಕಿಗಳನ್ನು ಕೇಳದೆಯೇ ಒರೆಸಿಬಿಡುತ್ತದೆ. ವಿಡಿಯೊಗೆ ಆ ಭಾಗ್ಯ ಇಲ್ಲ.

ಮನೆಗೆ ಬಂದವನೇ ಸರಿಯಾಗಿ ಪರೀಕ್ಷೆ ಮಾಡಿದೆ. ಲೆನ್ಸಿಗೆ ಮುಚ್ಚಳ ಹಾಕಿ, ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಒರೆಸುವ ಸೆಟ್ಟಿಂಗ್) ಆಫ್ ಮಾಡಿ, ಆಟದ ರಾತ್ರಿ ಇಟ್ಟಿದ್ದ ಸೆಟ್ಟಿಂಗನ್ನೇ ಇಟ್ಟೆ: ಐಎಸ್ಒ 3200, ಶಟರ್ 1/50. ಶುರುವಿನ ಐದು ನಿಮಿಷ ಪರದೆ ಪೂರ್ತಿ ಕಪ್ಪು. ಒಂದು ಗಂಟೆ ಓಡಿದ ಮೇಲೆ ನಮ್ಮ ಬೀಡಿಯವನು ಹಾಜರ್. ಜೊತೆಗೆ ಕೆಳಗಡೆ ಮಂಕಾಗಿ ಎರಡು ನೀಲಿ. ಸುಮ್ನೆ ನಾಯ್ಸ್ ಆಗಿದ್ದರೆ ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಾಗುತ್ತದೆ. ಇವು ಕದಲಲಿಲ್ಲ. ಕ್ಯಾಮೆರಾದ ಪರದೆಯೇ ಕೆಟ್ಟಿರಬಹುದಾ ಅಂತ ಕೇಳುವವರಿಗೆ: ಫೋಟೊವನ್ನು ಜೂಮ್ ಮಾಡಿ ಸರಿಸಿ ನೋಡಿ. ಚುಕ್ಕಿಯೂ ಫೋಟೊದ ಜೊತೆ ಸರಿದರೆ ಅದು ಸೆನ್ಸರಿನದು, ಇದ್ದಲ್ಲೇ ಇದ್ದರೆ ಪರದೆಯದು. ಆಕಾಶದ ಫೋಟೊದಲ್ಲಿ ಮಸುಕಾದ ಬೂದು ಮಚ್ಚೆ ಕಂಡರೆ ಅದು ಬರೀ ಧೂಳು. ಲೆನ್ಸಿನ ಕಿಂಡಿ ಸಣ್ಣದಾದ ಎಫ್16ರಲ್ಲಿ ಕಂಡು, ದೊಡ್ಡದಾದ ಎಫ್4ರಲ್ಲಿ ಮಾಯವಾಗುತ್ತದೆ.

ಕೆಲವು ಕ್ಯಾಮೆರಾಗಳಲ್ಲಿ ಇದಕ್ಕೆ ಮೆನುವಿನಲ್ಲೇ ಮದ್ದು ಇದೆ. ಒಲಿಂಪಸ್, ಪೆಂಟಾಕ್ಸ್ ಇಟ್ಟುಕೊಂಡವರಿಗೆ 'ಪಿಕ್ಸೆಲ್ ಮ್ಯಾಪಿಂಗ್' ಗೊತ್ತಿರುತ್ತದೆ. ಕೆಟ್ಟ ಪಿಕ್ಸೆಲ್ ಎಲ್ಲಿದೆ ಅಂತ ಕ್ಯಾಮೆರಾ ಗುರುತು ಮಾಡಿಕೊಂಡು, ಆಮೇಲೆ ಅದರ ಮಾತು ಕೇಳದೆ ಅಕ್ಕಪಕ್ಕದವರನ್ನು ವಿಚಾರಿಸಿ ಆ ಜಾಗ ತುಂಬುತ್ತದೆ. ನನ್ನ ಕ್ಯಾಮೆರಾ ಬಾಡಿಯಲ್ಲಿ ಆ ಮೆನು ಇರಲಿಲ್ಲ. ಸರ್ವಿಸ್ ಸೆಂಟರೇ ಗತಿ. ಕೌಂಟರಿನಲ್ಲಿದ್ದ ಹುಡುಗ ಒಂದು ಫೋಟೊ ಹೊಡೆದು ನೋಡಿ "ಏನೂ ಇಲ್ವಲ್ಲ ಸರ್" ಅಂದ. ಅವನದ್ದೂ ಏಸಿ ಕೋಣೆ. ನಾನು ಮುಚ್ಚಳ ಹಾಕಿ ತೆಗೆದ ಎರಡು ಕ್ಲಿಪ್ ತೋರಿಸಿದೆ, ಐದನೇ ನಿಮಿಷದ್ದು ಮತ್ತು ಅರವತ್ತನೆಯದ್ದು. ಮಾತಿಲ್ಲದೆ ಬರೆದುಕೊಂಡ. ಸೆನ್ಸರ್ ಬದಲಾಯಿಸಲಿಲ್ಲ, ಮ್ಯಾಪಿಂಗ್ ಮಾಡಿ ಕೊಟ್ಟರು. ವಾರಂಟಿಯಲ್ಲಿ ದುಡ್ಡಾಗಲಿಲ್ಲ, ಆದರೆ ಸೀಸನ್ ಮಧ್ಯೆ ಹತ್ತು ದಿನ ಬಾಡಿಗೆ ಕ್ಯಾಮೆರಾದಲ್ಲಿ ಕೆಲಸ ಮಾಡಿದೆ.

ಆ ಹರಕೆ ಆಟದ ವಿಡಿಯೊ ರಿಪೇರಿ ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಡಾವಿಂಚಿ ರಿಸಾಲ್ವ್‌ನ (ಎಡಿಟಿಂಗ್ ಸಾಫ್ಟ್‌ವೇರ್) ದುಡ್ಡು ಕೊಟ್ಟು ತಗೊಳ್ಳುವ ಆವೃತ್ತಿಯಲ್ಲಿ ಡೆಡ್ ಪಿಕ್ಸೆಲ್ ಫಿಕ್ಸರ್ ಅಂತಲೇ ಒಂದಿದೆ. ನನ್ನ ಹತ್ತಿರ ಅದಿರಲಿಲ್ಲ. ಅದೇ ಕ್ಲಿಪ್ಪನ್ನು ಮೇಲಿನ ಟ್ರ್ಯಾಕಿನಲ್ಲಿ ಇನ್ನೊಮ್ಮೆ ಇಟ್ಟು, ಹತ್ತು ಪಿಕ್ಸೆಲ್ ಪಕ್ಕಕ್ಕೆ ಸರಿಸಿ, ಚುಕ್ಕಿ ಇರುವಷ್ಟು ಜಾಗ ಮಾತ್ರ ಕಾಣುವ ಹಾಗೆ ಮಾಸ್ಕ್ ಹಾಕಿದೆ. ಪಕ್ಕದ ಕಪ್ಪು ಬಂದು ಚುಕ್ಕಿಯ ಮೇಲೆ ಕೂತಿತು. ಕ್ಯಾಮೆರಾ ತಿರುಗಿದರೂ ಚುಕ್ಕಿ ಫ್ರೇಮಿನ ಅದೇ ಜಾಗದಲ್ಲಿ ಇರುವುದರಿಂದ ಒಂದೇ ಮಾಸ್ಕ್ ರಾತ್ರಿಯಿಡೀ ನಡೆಯುತ್ತದೆ. ಇಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ (ಫ್ರೇಮನ್ನೇ ಸರಿಸಿ ಅಲುಗಾಟ ತಡೆಯುವುದು) ಹಾಕಿ ತೆಗೆದಿದ್ದರೆ ಮಾತ್ರ ಗೋವಿಂದ. ಚುಕ್ಕಿ ಕುಣಿಯುತ್ತದೆ, ಮಾಸ್ಕೂ ಅದರ ಹಿಂದೆ ಓಡಬೇಕು.

ಫೋಟೊದವರು ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಹಾಕಿಕೊಳ್ಳಬಹುದು. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಎಂಟು ಸೆಕೆಂಡಿನ ಫೋಟೊ ತೆಗೆದರೆ ಇನ್ನೆಂಟು ಸೆಕೆಂಡು ಶಟರ್ ಮುಚ್ಚಿಕೊಂಡು ಇನ್ನೊಂದು ಕಪ್ಪು ಫೋಟೊ ತೆಗೆದು, ಅದರಲ್ಲಿ ಕಂಡ ಚುಕ್ಕಿಗಳನ್ನು ಮೊದಲಿನ ಫೋಟೊದಿಂದ ಕಳೆಯುತ್ತದೆ. ಜಾತ್ರೆಯ ಸುಡುಮದ್ದಿಗೆ ಅದನ್ನು ಹಾಕಿಟ್ಟು ಅರ್ಧ ಸುಡುಮದ್ದು ಕಳಕೊಂಡ ಪುಣ್ಯಾತ್ಮ ನಾನೇ.

ಈಗ ಹೊಸ ಬಾಡಿ ಬಂದ ದಿನವೇ ಮುಚ್ಚಳ ಹಾಕಿ, ಫ್ಯಾನ್ ಆರಿಸಿ, ಒಂದು ಗಂಟೆ ಐಎಸ್ಒ 3200ರಲ್ಲಿ ಓಡಿಸುತ್ತೇನೆ. ಮನೆಯವಳು 'ಕತ್ತಲೆಯ ಸಿನಿಮಾ ಆಯ್ತಾ' ಅಂತ ಕೇಳುತ್ತಾಳೆ. ಬದಲಾಯಿಸಿ ಕೊಡುವ ಗಡುವು ಇರುವುದು ಕೆಲವೇ ದಿನ. ನಾನು ಎರಡು ಮದುವೆ ಮುಗಿಸುವಷ್ಟರಲ್ಲಿ ಅದು ದಾಟಿ ಹೋಗಿತ್ತು. ಎಡಿಟಿಂಗ್ ಮುಗಿದ ಮೇಲೆ ದೊಡ್ಡ ಟಿವಿಯಲ್ಲಿ ಒಂದೆರಡು ಕತ್ತಲೆ ದೃಶ್ಯ ನೋಡದೆ ಪೆನ್‌ಡ್ರೈವ್ ಕೊಡುವುದಿಲ್ಲ.

ಮ್ಯಾಪಿಂಗ್ ಮಾಡಿಸಿದರೆ ಮುಗಿಯಿತು ಅಂತಲೂ ಇಲ್ಲ. ಸೆನ್ಸರಿಗೆ ವಯಸ್ಸಾದ ಹಾಗೆ ಹೊಸ ಚುಕ್ಕಿ ಹುಟ್ಟುತ್ತವೆ. ಮೊನ್ನೆ ಏಪ್ರಿಲ್‌ನಲ್ಲಿ ಅದೇ ಬಾಡಿಯಲ್ಲಿ ಬಲಗಡೆ ಕೆಳಗೆ, ಚೆಂಡೆಯವರ ಕಾಲ ಹತ್ತಿರ, ಒಂದು ಹಸಿರು ಶುರುವಾಗಿದೆ. ವಾರಂಟಿ ಮುಗಿದಿದೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮಳೆಗಾಲ ಹಿಡಿದ ಮೇಲೆ ಸರ್ವಿಸಿಗೆ ಕೊಡಬೇಕು, ಅಲ್ಲಿಯವರೆಗೆ ಮಾಸ್ಕ್.