8 ಜಿಬಿ ಕಾರ್ಡ್ ಬಂತು, ಮೌಸ್ ತೆವಳುತ್ತಲೇ ಇತ್ತು

ವೈಟ್‌ಫೀಲ್ಡ್‌ನ ನಮ್ಮ ಆಫೀಸಿನ ಡಿಸೈನ್ ಟೀಮ್‌ಗೆ 4ಕೆ ಮಾನಿಟರ್ ಬಂದ ವಾರವೇ ಟಿಕೆಟ್ ಬಿತ್ತು: ‘ಮೌಸ್ ತೆವಳುತ್ತಿದೆ, ವಿಂಡೋ ಎಳೆದರೆ ತಡವಾಗಿ ಬರುತ್ತೆ.’ ಮ್ಯಾನೇಜರ್ ಕೂತಲ್ಲೇ ತೀರ್ಪು ಕೊಟ್ಟರು: ‘4 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಸಾಲಲ್ಲ ಕಣ್ರೀ, 8 ಜಿಬಿ ತರಿಸಿ.’ ನಾನೂ ಇಂಡೆಂಟ್‌ಗೆ, ಅಂದ್ರೆ ಖರೀದಿ ಬೇಡಿಕೆ ಪತ್ರಕ್ಕೆ, ಸಹಿ ಹಾಕಿದೆ.

ಸುಮ್ನೆ ಹಾಕಿದ್ದಲ್ಲ. ನಾನು ಕೆಲಸ ಕಲಿತದ್ದು ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ, 1 ಎಂಬಿ ಕಾರ್ಡ್‌ಗಳ ಕಾಲದಲ್ಲಿ. ಆಗ ಲೆಕ್ಕ ನೇರ. 1024×768 ಪರದೆಗೆ 256 ಬಣ್ಣ ಅಂದ್ರೆ ಪಿಕ್ಸೆಲ್‌ಗೆ ಒಂದು ಬೈಟ್, ಒಟ್ಟು 768 ಕೆಬಿ. 1 ಎಂಬಿಯಲ್ಲಿ ಆರಾಮಾಗಿ ಕೂರುತ್ತಿತ್ತು. ಅದೇ ಪರದೆಗೆ 65,536 ಬಣ್ಣ ಬೇಕಾದರೆ ಒಂದೂವರೆ ಎಂಬಿ. ಜಾಗ ಇಲ್ಲ, ಹಾಗಾಗಿ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಆ ಆಯ್ಕೆಯನ್ನೇ ತೋರಿಸುತ್ತಿರಲಿಲ್ಲ. ಕೆಲವು ಕಾರ್ಡ್‌ಗಳಲ್ಲಿ ಖಾಲಿ ಸಾಕೆಟ್ ಇರುತ್ತಿತ್ತು. ಅಲ್ಲಿ ಮೆಮೊರಿ ಚಿಪ್ ಒತ್ತಿ ಕೂರಿಸಿದರೆ ಬಣ್ಣ ಬರುತ್ತಿತ್ತು, ಗಿರಾಕಿಗೂ ಖುಷಿ.

ಹೊಸ ಕಾರ್ಡ್ ಕೈಗೆ ಸಿಕ್ಕಿದ್ದು ಕ್ಲೈಂಟ್ ಡೆಮೊ ದಿನ. ಕೂರಿಸಿ, ಆನ್ ಮಾಡಿ, ಮೌಸ್ ಅಲ್ಲಾಡಿಸಿದೆ. ಅದೇ ತೆವಳಾಟ! ಬೆನ್ನ ಹಿಂದೆ ಮ್ಯಾನೇಜರ್, ಪಕ್ಕದಲ್ಲಿ ಗಡಿಯಾರ ನೋಡ್ತಾ ಡಿಸೈನ್ ಲೀಡ್ ಮೇಡಂ. ಡ್ರೈವರ್ ಕಿತ್ತು ಮತ್ತೆ ಹಾಕಿದೆ. ಆ ಹಸಿರು ಪಟ್ಟಿ ತುಂಬುವಷ್ಟರಲ್ಲಿ ಶರ್ಟ್ ಒದ್ದೆ. ‘ಪೀಸೇ ಡಿಫೆಕ್ಟಾ?’ ಅಂದರು ಮ್ಯಾನೇಜರ್. ಆರ್‌ಎಂಎಗೆ ಹಾಕೋಣ, ಕಂಪನಿಗೆ ವಾಪಸ್ ಕಳಿಸೋಣ ಸಾರ್ ಅನ್ನೋದು ನನ್ನ ನಾಲಿಗೆ ತುದಿಯಲ್ಲೇ ಇತ್ತು.

ಟಾಸ್ಕ್ ಮ್ಯಾನೇಜರ್ ತೆರೆದರೆ 8 ಜಿಬಿಯಲ್ಲಿ 1 ಜಿಬಿಯೂ ಬಳಕೆಯಾಗಿಲ್ಲ. ಆಗ ಗುಣಿಸಿ ನೋಡಿದೆ: 3840×2160, ಪಿಕ್ಸೆಲ್‌ಗೆ 4 ಬೈಟ್, ಒಂದು ಚಿತ್ರಕ್ಕೆ ಸುಮಾರು 33 ಎಂಬಿ. ಕಾರ್ಡ್ ಮೂರು ಚಿತ್ರ ಇಟ್ಟುಕೊಂಡರೂ 100 ಎಂಬಿ. ಹಳೆ 4 ಜಿಬಿ ಕಾರ್ಡಿಗೇ ಇದು ಯಾವ ಲೆಕ್ಕ! ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋದೆ. ರಿಫ್ರೆಶ್ ರೇಟ್ 30 ಹರ್ಟ್ಜ್, ಅಂದ್ರೆ ಪರದೆಗೆ ಸೆಕೆಂಡಿಗೆ 30 ಚಿತ್ರ ಮಾತ್ರ. ತೆವಳಾಟ ಅದಕ್ಕೇ. ಪಟ್ಟಿಯಲ್ಲಿ 60 ಇಲ್ಲವೇ ಇಲ್ಲ.

ಮೇಜಿನ ಕೆಳಗೆ ತೂರಿದೆ. ಕಾರ್ಡಿನ ಡಿಸ್‌ಪ್ಲೇಪೋರ್ಟ್ ಕಿಂಡಿಗೆ ಒಂದು ಪುಟ್ಟ ಕನ್ವರ್ಟರ್, ಅದರಿಂದ ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್. ಹಳೆ ಮಾನಿಟರ್ ಕಾಲದ್ದು, ಹೊಸ ಕಾರ್ಡಿಗೂ ಅದನ್ನೇ ಚುಚ್ಚಿದ್ದೆ. ಎಚ್‌ಡಿಎಂಐನ ಹಳೆ ಆವೃತ್ತಿ 1.4ರ ಮಾಲು. 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರಕ್ಕಿಂತ ಜಾಸ್ತಿ ದಾಟಿಸಲ್ಲ. 60 ಬೇಕಾದರೆ ಎಚ್‌ಡಿಎಂಐ 2.0, ಇಲ್ಲಾಂದ್ರೆ ಡಿಸ್‌ಪ್ಲೇಪೋರ್ಟ್ 1.2 ಬೇಕು. ಮಾನಿಟರ್ ಡಬ್ಬದಲ್ಲೇ ಡಿಸ್‌ಪ್ಲೇಪೋರ್ಟ್ ಕೇಬಲ್ ಇತ್ತು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಹಾಕಿದೆ. 60 ಬಂತು, ಡೆಮೊನೂ ನಡೀತು.

ಜಾಸ್ತಿ ಮೆಮೊರಿ ದಂಡ ಅಂತಲ್ಲ. ತ್ರೀಡಿ ರೆಂಡರ್, ವಿಡಿಯೋ ಎಡಿಟಿಂಗ್, ದೊಡ್ಡ ಟೆಕ್ಸ್‌ಚರ್‌ಗಳಿಗೆ 8 ಜಿಬಿಯೂ ಕಮ್ಮಿ ಬೀಳುತ್ತೆ. ಆದರೆ ನಮ್ಮವರು ಮಾಡೋದು ವೆಬ್ ಪುಟ, ಬ್ಯಾನರ್ರು.

ಪರ್ಚೇಸ್‌ನವರ ಇಂಡೆಂಟ್ ಫಾರಂನಲ್ಲಿ ‘ಎಷ್ಟು ಜಿಬಿ’ ಅಂತ ಕಾಲಂ ಇದೆ. ಯಾವ ಪೋರ್ಟ್, ಯಾವ ಕೇಬಲ್ ಅಂತ ಇಲ್ಲ. ಸೇರಿಸಿ ಅಂತ ಮೇಲ್ ಹಾಕಿದ್ದೇನೆ. ‘ನೋಟೆಡ್’ ಅಂತ ಉತ್ತರ ಬಂದಿದೆ.