ಬರಗಾಲದ ಕ್ರಿಸ್‌ಮಸ್, ಆಮೇಲಿನದೊಂದು

ಗುಳೇದಗುಡ್ಡದಲ್ಲಿ ಮಳೆ ಕೈಕೊಟ್ಟರೆ ಮೊದಲು ಹೊಲ ಒಣಗುತ್ತದೆ, ಅದರ ಬೆನ್ನಿಗೇ ಮಗ್ಗ ನಿಲ್ಲುತ್ತದೆ. ನಮ್ಮೂರಿನ ಖಣ, ಅಂದರೆ ಕುಪ್ಪಸದ ಬಟ್ಟೆ, ಕೊಳ್ಳುವವರು ಹಳ್ಳಿಯ ಹೆಣ್ಣುಮಕ್ಕಳು, ಈ ಕಡೆಯವರು ಮತ್ತು ಮಹಾರಾಷ್ಟ್ರದವರು. ಪೀಕು ಬಾರದ ವರ್ಷ ಮದುವೆಗಳು ಮುಂದೆ ಹೋಗುತ್ತವೆ, ಉಡಿ ತುಂಬುವವರು ಕೈ ಬಿಗಿ ಹಿಡಿಯುತ್ತಾರೆ, ನೇಯ್ದ ಖಣ ಸಾವಕಾರರ ಕಪಾಟಿನಲ್ಲೇ ಉಳಿಯುತ್ತದೆ. 1972ರಲ್ಲಿ ಎರಡೂ ಕಡೆ ಬರ ಬಿತ್ತು. ನಾನಾಗ ಐದನೇ ಇಯತ್ತೆ. ನಮ್ಮದಿನ್ನೂ ಮೈಸೂರು ರಾಜ್ಯ, ವಿಜಾಪುರ ಜಿಲ್ಲೆ, ಬಾದಾಮಿ ತಾಲೂಕು.

ಬಾಸೆಲ್ ಮಿಶನ್ನಿನವರು ನಮ್ಮೂರಿಗೆ ಬಂದದ್ದು 1851ರಲ್ಲಿ. ನಮ್ಮ ಹಿರಿಯರು ಕ್ರಿಸ್ತನನ್ನು ನಂಬಿದರು, ಮಗ್ಗ ಮಾತ್ರ ಬಿಡಲಿಲ್ಲ. ಅವ್ವ ಇಳಕಲ್ ಸೀರೆ ಉಟ್ಟು ಖಣದ ಕುಪ್ಪಸ ತೊಟ್ಟೇ ಆರಾಧನೆಗೆ ಹೋಗುತ್ತಿದ್ದಳು. ಕ್ರಿಸ್‌ಮಸ್ ಬಂತೆಂದರೆ ಅಪ್ಪ ಅವಳಿಗೆ ತನ್ನ ಕೈಯಿಂದಲೇ ಒಂದು ಖಣ ನೇಯ್ದು ಕೊಡಬೇಕು. ಇದು ಆಯಿ ಹಾಕಿದ ಪದ್ಧತಿ. ಸೊಸೆಗೆ ಹೊಸ ಖಣ ಇಲ್ಲದೆ ಮನೆಯಲ್ಲಿ ಹಬ್ಬದ ಎಣ್ಣೆ ಕಾಯಬಾರದು ಎನ್ನುತ್ತಿದ್ದಳು.

ಆ ವರ್ಷ ದಸರೆಯ ಹೊತ್ತಿಗೇ ಸಾವಕಾರರು ನೂಲು ಕೊಡುವುದು ನಿಲ್ಲಿಸಿದ್ದರು. ಅಪ್ಪ ಬರಗಾಲದ ಕಾಮಗಾರಿಗೆ ಹೋದ. ರಸ್ತೆಗೆ ಖಡಿ ಒಡೆಯುವ ಕೆಲಸ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೆರಳಲ್ಲಿ ಕೂತು ದುಡಿದವನು ಬಯಲಲ್ಲಿ ಸುತ್ತಿಗೆ ಹಿಡಿದ. ಸಂಜೆ ಬಂದವನೇ ಮಾತಿಲ್ಲದೆ ಕಟ್ಟೆಯ ಮೇಲೆ ಕೂಡುತ್ತಿದ್ದ. ರೇಶನ್ನಿನಲ್ಲಿ ಅಮೆರಿಕದ ಕೆಂಪು ಜೋಳ ಬರುತ್ತಿತ್ತು. ಅದರ ರೊಟ್ಟಿ ಬಡಿಯುವಾಗಲೇ ಅಂಚು ಒಡೆಯುತ್ತಿತ್ತು, ಅವ್ವ ಒದ್ದೆ ಬೆರಳಿನಿಂದ ಅದನ್ನು ಕೂಡಿಸುತ್ತಿದ್ದಳು. ನಾವು ಮಕ್ಕಳು ಮಧ್ಯಾಹ್ನ ಸಾಲೆಯಲ್ಲಿ ಕೇರ್ ಎಂಬ ಅಮೆರಿಕದ ನೆರವಿನ ಸಂಸ್ಥೆಯ ಉಪ್ಪಿಟ್ಟು ತಿಂದು ಬರುತ್ತಿದ್ದೆವು, ಒಂದು ಹೊತ್ತಿನ ಭಾರ ಅಷ್ಟು ಇಳಿಯುತ್ತಿತ್ತು.

ಹಬ್ಬಕ್ಕೆ ವಾರವಿದ್ದಾಗ ಅಪ್ಪ ಸಾವಕಾರರ ಮನೆಗೆ ಹೋದ. ಅರ್ಧಕ್ಕೆ ನಿಂತ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮಗ್ಗದ ಮೇಲೆಯೇ ಇತ್ತು, ಆದರೆ ಅದು ಅವರದು. ಹಿಂದಿನ ಲೆಕ್ಕವೂ ಬಾಕಿಯಿತ್ತು. ಅವರಂದದ್ದನ್ನು ಅಪ್ಪ ಬಂದು ಹೇಳಿದ: "ಮಗ್ಗದ ಮ್ಯಾಲ ಇದ್ದು ಧೂಳ ತಿನ್ನಾಕತ್ತೈತಿ. ನೇಯ್ಕೋ. ತಂಗೀಗೆ ಹಬ್ಬಕ್ಕಾತು." ಅವರು ಲಿಂಗಾಯತರು. ನಮ್ಮ ಅವ್ವನಿಗೆ ತಂಗಿ ಅಂದದ್ದು ಆಯಿಗೆ ಬಹಳ ಹಿಡಿಸಿತು, ಮುಂದೆ ಎಷ್ಟೋ ಸಲ ಆ ಮಾತು ಎತ್ತಿ ಆಡಿದಳು.

ತೊಂದರೆ ಬಂದದ್ದು ಅಪ್ಪನ ಕೈಯಿಂದ. ಎರಡು ತಿಂಗಳು ಕಲ್ಲು ಹಿಡಿದ ಅಂಗೈ ಒಡೆದು ಚಕ್ಕೆ ಎದ್ದಿತ್ತು. ಹಾಸಿನ ಮೇಲೆ ಬೆರಳಾಡಿಸಿದರೆ ರೇಷ್ಮೆಯ ಎಳೆ ಚರ್ಮದ ಸೀಳಿಗೆ ಸಿಕ್ಕುತ್ತಿತ್ತು, ಕೈ ಎತ್ತಿದರೆ ಎಳೆಯೂ ಎದ್ದು ಬಂದು ಕಡಿಯುತ್ತಿತ್ತು. ಒಂದು ಕಡಿದು, ಇನ್ನೊಂದು ಕಡಿದು, ಅಪ್ಪ ಮಗ್ಗದಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕೂತ. ಆಯಿ ರಾತ್ರಿ ಕುಸುಬಿ ಎಣ್ಣೆ ಕಾಸಿ ತಿಕ್ಕಿದಳು. ಎಣ್ಣೆಗೈ ರೇಷ್ಮೆಗೆ ತಾಗಿದರೆ ಕಲೆ, ಅದಕ್ಕೆ ಬೆಳಿಗ್ಗೆ ಕಡಲೆಹಿಟ್ಟು ಹಚ್ಚಿ ಬಿಸಿನೀರಲ್ಲಿ ತೊಳೆದಳು. ಅಷ್ಟಾದರೂ ಪೂರ್ತಿ ನೆಟ್ಟಗಾಗಲಿಲ್ಲ. ಕಡೆಗೆ ಅಪ್ಪ ನನ್ನನ್ನು ಕರೆದ: "ಬಾ ಇಲ್ಲೆ ಕೂಡು. ಕಡದ ಎಳಿ ನೀ ಗಂಟ ಹಾಕು." ಅವನು ತುಳಿದ, ಲಾಳಿ ಓಡಿಸಿದ. ಎಳೆ ಕಡಿದಲ್ಲೆಲ್ಲ ನಾನು ಬಗ್ಗಿ ಗಂಟು ಹಾಕಿದೆ. ಸುಮಾರು ಮೊಳ ನೇಯುವಷ್ಟರಲ್ಲಿ ನನಗೆ ಕುತ್ತಿಗೆ ಬಿದ್ದುಹೋಗಿತ್ತು. ಸೂಜಿಮಲ್ಲಿಗೆ ಬುಟ್ಟಾದ ಆ ಖಣದಲ್ಲಿ ನನ್ನ ಗಂಟುಗಳು ಕೈಗೆ ಹತ್ತುತ್ತಿದ್ದವು. ಅವ್ವ ಹೊಲಿಸುವಾಗ ಗಂಟಿದ್ದ ಭಾಗವನ್ನೇ ತೋಳಿಗೆ ತೆಗೆಸಿದಳು. ಮುಚ್ಚುವುದಕ್ಕಲ್ಲ, ಎಲ್ಲರಿಗೂ ಕಾಣಲಿ ಅಂತ.

ಆ ಸಲ ಕರ್ಚಿಕಾಯಿಗೆ ಕೊಬ್ಬರಿಯಿಲ್ಲ, ಗಸಗಸೆಯಿಲ್ಲ, ಪುಟಾಣಿ ಹಿಟ್ಟು ಮತ್ತು ಬೆಲ್ಲ ಅಷ್ಟೇ. ದೀಪಾವಳಿಗೆ ಓಣಿಯಿಂದ ನಮ್ಮ ಮನೆಗೆ ಒಂದು ತಾಟೂ ಬಂದಿರಲಿಲ್ಲ. ನಾವೂ ಕಳಿಸುವುದು ಬೇಡವೆಂದು ಅಣ್ಣ ಅಂದಾಗ ಆಯಿ ಸಿಟ್ಟಿಗೆದ್ದಳು. "ಅವರ ಮನ್ಯಾಗ ಹಬ್ಬನ ಆಗಿಲ್ಲ, ಏನ ಕಳಸ್ತಾರ? ನಮ್ಮ ಮನ್ಯಾಗ ಆಗೇತಿ. ಹೋಗ, ಒಯ್ದ ಕೊಡ." ಮನೆಗೆ ಎರಡೇ ಕರ್ಚಿಕಾಯಿ ಬಂದವು, ಆದರೂ ಓಣಿಯ ಯಾವ ಮನೆಯೂ ತಪ್ಪಲಿಲ್ಲ. ಗ್ಯಾಸ್‌ಬತ್ತಿಗೆ ಸಾಲುವಷ್ಟು ಸೀಮೆಎಣ್ಣೆ ಇಲ್ಲವೆಂದು ಹಾಡಿನ ಮೇಳ ಕಂದೀಲು ಹಿಡಿದೇ ಮನೆಮನೆಗೆ ಹೋಯಿತು.

ಬಡತನದ ಹಬ್ಬಗಳಲ್ಲಿ ಅದಕ್ಕಿಂತ ಕೆಟ್ಟವೂ ಇದ್ದವು. ಆದರೆ ನನ್ನನ್ನು ಇಂದಿಗೂ ಬಿಡದ ಹಬ್ಬ 1976ರದು. ಆಗ ಹೊಟ್ಟೆಗೆ ಸಾಕಷ್ಟಿತ್ತು, ಮಗ್ಗ ನಡೆಯುತ್ತಿತ್ತು, ನಾನು ಹೈಸ್ಕೂಲಿನಲ್ಲಿದ್ದೆ. ದೇಶದಲ್ಲಿ ತುರ್ತು ಪರಿಸ್ಥಿತಿ ಬಂದು ಒಂದೂವರೆ ವರ್ಷವಾಗಿತ್ತು, ಎಲ್ಲೆಲ್ಲೂ ಕುಟುಂಬ ಯೋಜನೆಯದೇ ಮಾತು. ಬೇರೆ ಊರಲ್ಲಿ ಸಾಲೆ ಮಾಸ್ತರನಾಗಿದ್ದ ನಮ್ಮ ಕಾಕಾ ಹಬ್ಬಕ್ಕೆ ಬಂದ. ಊಟಕ್ಕೆ ಕೂತವನು ತುತ್ತು ಎತ್ತಲೊಲ್ಲ. ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ ಇಷ್ಟು ಕೇಸು ತರಬೇಕೆಂದು ಮೇಲಿನವರು ಗಂಟುಬಿದ್ದಿದ್ದಾರಂತೆ, ತರದಿದ್ದರೆ ಪಗಾರ ತಡೆಯುತ್ತಾರಂತೆ. ಎಲ್ಲ ಕಡೆ ಅಡ್ಡಾಡಿದ್ದ. ಇನ್ನೊಂದು ಕಡಿಮೆಯಿತ್ತು. ತಲೆ ತಗ್ಗಿಸಿಯೇ, "ಅಣ್ಣಾ, ನಿನಗ ನಾಲ್ಕ ಮಕ್ಕಳದಾವ…" ಎಂದ.

ಅವ್ವ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದಳು. ಆಯಿ ಮಾತ್ರ, "ಇವತ್ತ ಆ ಮಾತ ಬ್ಯಾಡ. ಇಬ್ಬರೂ ಉಣ್ರಿ," ಅಂದಳು. ಉಂಡರು. ಹೊಸ ವರ್ಷದ ಆರಾಧನೆ ಮುಗಿದ ವಾರವೇ ಅಪ್ಪ ಕಾಕಾನ ಜೊತೆ ಹೋಗಿ ಮಾಡಿಸಿಕೊಂಡು ಬಂದ. ಬಹಳ ದಿನ ಮಗ್ಗ ತುಳಿಯಲಾಗಲಿಲ್ಲ. ಅವನು ಮಲಗಿದ್ದಾಗಲೇ, ಜನವರಿ 18ಕ್ಕೆ, ಚುನಾವಣೆ ಘೋಷಣೆಯಾಯಿತು. ಆ ಸುದ್ದಿ ರೇಡಿಯೋದಲ್ಲಿ ಬಂದಾಗ ಅಪ್ಪ ಏನೂ ಅನ್ನಲಿಲ್ಲ. ಅವ್ವ ಮಾತ್ರ ರೇಡಿಯೋ ಆರಿಸಿದಳು.

ಬರಗಾಲ ಮನೆಗೆ ಬಂದಾಗ ಸಿಟ್ಟು ಮಾಡಲು ಯಾರೂ ಇರಲಿಲ್ಲ, ನಾವೆಲ್ಲ ಒಂದೇ ಮಗ್ಗದ ಸುತ್ತ ಕೂತೆವು. 1976ರದು ಮನುಷ್ಯರು ಮಾಡಿದ್ದು. ಅದನ್ನು ನಮ್ಮವನ ಬಾಯಿಂದಲೇ, ಹಬ್ಬದ ತಾಟಿನ ಮುಂದೆ ಕೇಳಿಸಿದರು. ಕಾಕಾನ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ, ಅವನ ಮುಖ ನೋಡಿದ್ದೆ. ಅವನನ್ನು ಆ ಮಾತಿಗೆ ತಂದು ನಿಲ್ಲಿಸಿದವರ ಮೇಲಿನ ಸಿಟ್ಟು ಈಗ ಮೊಮ್ಮಕ್ಕಳನ್ನು ಕಂಡ ಮೇಲೂ ಇಳಿದಿಲ್ಲ.

ಮರುವರ್ಷ ಕಾಕಾ ಹಬ್ಬಕ್ಕೆ ಬರಲು ಹಿಂದೆಮುಂದೆ ನೋಡಿದ. ಅಪ್ಪನೇ ಬಸ್ಸು ಹತ್ತಿ ಹೋಗಿ, ಹೆಂಡತಿ ಮಕ್ಕಳ ಸಮೇತ ಕರಕೊಂಡು ಬಂದ.